ಗಾಳಿಗೆ ಬಿಚ್ಚುವ ಹೊಲಿಗೆ

"ಇವನಾ? ಎಂಟನೇ ಕ್ಲಾಸು ದಾಟಲಿಕ್ಕೆ ಆಗಲಿಲ್ಲ, ಇನ್ನು ವಿಮಾನದಿಂದ ಹಾರುದಾ! ಇವ ಅಡಿಕೆ ಮರಕ್ಕೆ ಏಣಿ ಇಟ್ಟರೆ ಏಣಿಯೇ ನಡುಗುದು ಮಾರಾಯ್ರೆ."

ಗುತ್ತಿಗಾರಿನ ಮೊಯ್ದಿನಬ್ಬರ ಅಡಿಕೆ ಅಂಗಡಿಯ ಮುಂದೆ ಇದ್ದವರೆಲ್ಲ ನಕ್ಕರು. ಹೇಳಿದವನು ಭವಿತನ ದೊಡ್ಡಪ್ಪನ ಮಗ ಉದಯ. ಮುಂದಿನ ತಿಂಗಳು ಮೈಸೂರಿಗೆ ಹೋಗಿ, ಬೆನ್ನಿಗೆ ತರಬೇತುದಾರನನ್ನು ಕಟ್ಟಿಕೊಂಡು, ಪ್ಯಾರಾಚೂಟಿನಲ್ಲಿ ಹಾರುವವನಿದ್ದ. "ನನಗೂ ಒಮ್ಮೆ ಹಾರಬೇಕು" ಎಂದದ್ದಷ್ಟೇ ಭವಿತ್ ಮಾಡಿದ ತಪ್ಪು.

"ನೀನು ಹಾರುದು ಬೇಡ, ಹೇಗೂ ಅಮ್ಮನ ಮಿಷನ್ನಿನಲ್ಲಿ ಹೊಲಿಯುವವ, ನನಗೆ ಹಾರುವ ಡ್ರೆಸ್ ಹೊಲಿದು ಕೊಡು. ಅಷ್ಟಾದರೂ ಉಪಯೋಗ ಆಗಲಿ."

ಕೊಡುತ್ತೇನೆ, ಎಂದುಕೊಂಡ ಭವಿತ್. ಆಕಾಶದಲ್ಲಿ, ಕ್ಯಾಮರಾದ ಎದುರು, ಇಡೀ ಊರು ಮೊಬೈಲಿನಲ್ಲಿ ನೋಡುತ್ತಿರುವಾಗ ಉದಯಣ್ಣನ ಪ್ಯಾಂಟು ಬಿಚ್ಚಿಕೊಳ್ಳಬೇಕು. ಜೀವಕ್ಕೆ ಅಪಾಯವಿಲ್ಲ. ಪ್ಯಾರಾಚೂಟಿನ ಪಟ್ಟಿಗಳು ಬೇರೆಯೇ. ಅವುಗಳ ತಂಟೆಗೆ ಅವನು ಹೋಗುವುದಿಲ್ಲ. ಹೋಗಬೇಕಾದದ್ದು ಮಾನ ಮಾತ್ರ.

ಅಳತೆ ಕೊಡುವಾಗ ಉದಯ ಹೊಟ್ಟೆಯನ್ನು ಒಳಗೆಳೆದುಕೊಂಡ. "ಉಸಿರು ಬಿಡಿ ಉದಯಣ್ಣ, ಟೇಪಿನ ಹತ್ತಿರ ಸುಳ್ಳು ನಡೆಯುದಿಲ್ಲ" ಎಂದ ಭವಿತ್. ಆ ಮಾತು ಅವನಿಗೇ ಬಹಳ ಹಿಡಿಸಿತು.

ಪುತ್ತೂರಿನಿಂದ ನೀಲಿ ನೈಲಾನ್ ಬಟ್ಟೆ ತಂದ. ಅಮ್ಮ ಕಮಲಾವತಿಯ ಕಾಲುಮಿಷನ್ನಿನಲ್ಲಿ ಕಾಲರು, ಉದ್ದದ ಜಿಪ್ಪು, ಮಣಿಕಟ್ಟಿನ ಪಟ್ಟಿ, ಎಲ್ಲಕ್ಕೂ ಡಬಲ್ ಹೊಲಿಗೆ ಹಾಕಿದ. ಕಾಲಿನ ಹೊರಬದಿಗಳನ್ನು ಮಾತ್ರ ಉಳಿಸಿಕೊಂಡ. ಅದಕ್ಕೆಂದೇ ಮೊಯ್ದಿನಬ್ಬರಿಂದ ಚೀಲದ ಬಾಯಿ ಹೊಲಿಯುವ ಕೈಮಿಷನ್ ಕೇಳಿ ತಂದ. ಆ ಹೊಲಿಗೆಯ ಗುಟ್ಟು ಅಡಿಕೆ ಮಾರುವ ಯಾರಿಗೆ ಗೊತ್ತಿಲ್ಲ? ಕ್ವಿಂಟಾಲು ಹೊತ್ತರೂ ಜಗ್ಗದು. ಸರಿಯಾದ ತುದಿಯ ನೂಲು ಎಳೆದರೆ ಪರ್ರನೆ ಪೂರ್ತಿ ಬಿಚ್ಚುತ್ತದೆ. ಆ ತುದಿಗಳನ್ನು ಪಾದದ ಬಳಿ ಮಡಿಕೆಯೊಳಗೆ ಸಿಕ್ಕಿಸಿದ. ಕೆಳಗಿನಿಂದ ಬಡಿಯುವ ಗಾಳಿ ಅವನ್ನು ಹೊರಗೆಳೆದರೆ ಮುಗಿಯಿತು.

ಪರೀಕ್ಷೆಯೂ ಆಯಿತು. ಹಳೆಯ ಪ್ಯಾಂಟೊಂದಕ್ಕೆ ಅದೇ ಹೊಲಿಗೆ ಹಾಕಿ, ಅಡಿಕೆ ಸಾಗಿಸುವ ಪಿಕಪ್ ವ್ಯಾನಿನ ಹಿಂದೆ ಕಟ್ಟಿ ಸುಳ್ಯದ ಕಡೆಗೆ ಓಡಿಸಿದ. ಎರಡನೇ ತಿರುವು ದಾಟುವಾಗ ಪ್ಯಾಂಟು ಕೋಮಣವಾಗಿ ಹಾರಾಡುತ್ತಿತ್ತು. ನೂಲು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಸಾಕ್ಷಿ ಗಾಳಿಯ ಪಾಲು! ಹತ್ತನೇ ಪಾಸಾದವರಿಗೂ ಹೊಳೆಯಲಿಕ್ಕಿಲ್ಲ ಇಂಥ ಅಪರಾಧ. ಆ ಖುಷಿಯಲ್ಲಿ, ಅಮ್ಮನ ನೈಟಿ ಹೊಲಿದು ಉಳಿದಿದ್ದ ಗುಲಾಬಿ ಹೂವಿನ ಬಟ್ಟೆಯಲ್ಲಿ ತನಗೊಂದು ಚಡ್ಡಿಯನ್ನೂ ಹೊಲಿದುಕೊಂಡ. ಬಟ್ಟೆ ಬಿಸಾಡಿ ಅವನಿಗೆ ಅಭ್ಯಾಸವಿಲ್ಲ.

ಹಾರುವ ದಿನ ಮೈಸೂರಿನ ಮೈದಾನದಲ್ಲಿ ಉದಯನ ಹೆಂಡತಿ ಯಶಸ್ವಿ ಮೊಬೈಲಿನಲ್ಲಿ ಲೈವ್ ಹಾಕಿದಳು. ಉದಯ ಡ್ರೆಸ್ ಹಿಡಿದು ಟೆಂಟಿನೊಳಗೆ ಹೋದ. ಭವಿತ್ ಒಳ್ಳೆಯ ಜಾಗ ನೋಡಿ ಕುಳಿತು ಕಡಲೆ ಸುಲಿಯತೊಡಗಿದ.

ಸ್ವಲ್ಪ ಹೊತ್ತಿಗೆ ಉದಯ ಜೋಲು ಮುಖ ಮಾಡಿಕೊಂಡು ಹೊರಬಂದ. ಡ್ರೆಸ್ ಇನ್ನೂ ಕೈಯಲ್ಲೇ ಇತ್ತು.

"ಭವಿತ್, ಇದು ನೀನೇ ಹಾಕು. ನನ್ನ ಬದಲಿಗೆ ನಿನ್ನ ಹೆಸರು ಕೊಟ್ಟು ಬಂದೆ. ಅವತ್ತು ಅಂಗಡಿ ಎದುರು ನಾನು ಹಾಗೆ ಹೇಳಬಾರದಿತ್ತು ಮಾರಾಯ."

"ನನ್ನಿಂದ..." ಎಂದ ಭವಿತ್. ಯಶಸ್ವಿ ಮೊಬೈಲನ್ನು ಅವನ ಮುಖಕ್ಕೆ ತಿರುಗಿಸಿದ್ದಳು. "ಊರಿನವರೆಲ್ಲ ನೋಡ್ತಾ ಇದ್ದಾರೆ. ಅತ್ತೆಯೂ ಇದ್ದಾರೆ, ನಿನ್ನ ಅಮ್ಮನೂ ಇದ್ದಾರೆ, ಮೊಯ್ದಿನಬ್ಬರೂ ಇದ್ದಾರೆ. ಬೇಗ!" ಒಲ್ಲೆ ಎಂದರೆ ಏಣಿಯ ಕತೆ ನಿಜವಾಗುತ್ತದೆ, ಕಾರಣ ಹೇಳಿದರೆ ಅದಕ್ಕಿಂತಲೂ ಕೆಟ್ಟದು. ಅವನು ಹಾಕಿಕೊಂಡ. ಉದ್ದ ಹೆಚ್ಚಾಯಿತೆಂದು ಯಶಸ್ವಿ ಬಗ್ಗಿ ಕಾಲಿನ ತುದಿಗಳನ್ನು ಮೇಲಕ್ಕೆ ಮಡಚಿದಳು. ಎರಡು ನೂಲಿನ ಬಾಲಗಳು ಹೊರಬಿದ್ದು ಗಾಳಿಗೆ ಕುಣಿದವು.

ಟೆಂಟಿನ ಬಾಗಿಲಲ್ಲಿ ತೂಕದ ಮಿಷನ್ ಇತ್ತು, ಅದರ ಮೇಲೊಂದು ಬೋರ್ಡು: ತೊಂಬತ್ತು ಕಿಲೋ ದಾಟಿದವರು ಹಾರುವಂತಿಲ್ಲ. ಬುಕ್ ಮಾಡುವಾಗ ಉದಯ ತನ್ನ ಮದುವೆ ಕಾಲದ ತೂಕ ಕೊಟ್ಟಿದ್ದ; ಇವತ್ತು ಮಿಷನ್ ಅವನನ್ನು ಹಿಂದಕ್ಕೆ ಕಳಿಸಿತ್ತು. ಆದರೆ ಆ ಹೊಟ್ಟೆಯ ಸುತ್ತ ಸ್ವಂತ ಕೈಯಲ್ಲಿ ಟೇಪು ಸುತ್ತಿದವನು, ಉಸಿರು ಬಿಡಿ ಎಂದು ನಕ್ಕವನು, ಭವಿತ್. "ಎಂತ ಭವಿತ್, ಹೆದರಿಕೆ ಆಗ್ತಾ ಉಂಟಾ?" ಎಂದು ಉದಯ ಹಿಂದಿನಿಂದ ಕೂಗಿದ. ಭವಿತ್ ಒಳಗೆ ತೊಟ್ಟಿದ್ದ ಚಡ್ಡಿಯ ಗುಲಾಬಿ ಹೂವುಗಳನ್ನು ನೆನೆಯುತ್ತ, ಎರಡೂ ಕೈಗಳನ್ನು ತೊಡೆಗಳಿಗೆ ಬಲವಾಗಿ ಒತ್ತಿಕೊಂಡು ವಿಮಾನದ ಕಡೆಗೆ ನಡೆದ.