ಉದಯ ಒತ್ತಿದ ‘ಹಂಚು’

ಹಿಂದೆ ಜೀಪು. ಮುಂದೆ ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರ್. ನಡುವೆ ನಾನು!

ಹೆಲ್ಮೆಟ್ಟಿನೊಳಗೆ ತುರುಕಿದ್ದ ಫೋನಿನಲ್ಲಿ ಆ ಹೆಂಗಸು ಅದನ್ನೇ ಹೇಳುತ್ತಿದ್ದಳು... “ನೀವು ಕರೆ ಮಾಡಿದ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ.”

“ಉದಯಾ... ಒತ್ತಬೇಡ್ವೋ!”

ನಾನು ಕಿರುಚಿದ ರಭಸಕ್ಕೆ ಟ್ರ್ಯಾಕ್ಟರಿನವನು ಹೆದರಿ ಎಡಕ್ಕೆ ಎಳೆದ. ಸಿಕ್ಕ ಸಂದಿಯಲ್ಲಿ ನುಗ್ಗಿದೆ. ಆ ಸಂದಿಯಲ್ಲಿ ಹಲ್ಲಿ ಕೂಡ ಹೊಟ್ಟೆ ಒಳಗೆಳೆದುಕೊಂಡು ಹೋಗಬೇಕಿತ್ತು!

ಹಿಂದಿನಿಂದ ಗುಡುಗು.

“ನಿಲ್ಲಲೇ ಚನ್ನೇಶ! ಸಿಕ್ಕರೆ ಸಿಗಿದು ಹಾಕ್ತೀನಿ!”

ಚನ್ನೇಶ್ ಅಂದರೆ ನಾನೇ. ಶಿರಾಳಕೊಪ್ಪದ ರಕ್ಷಿತಾಳ ಸಾಫ್ಟ್‌ವೇರ್ ಎಲ್ಲಿ ಕೈಕೊಟ್ಟರೂ ಅಲ್ಲಿಗೆ ಹಾಜರಾಗುವವನು. ಕೆಟ್ಟ ಕಂಪ್ಯೂಟರುಗಳು ನನ್ನ ಹೆಸರು ಕೇಳಿಯೇ ಅರ್ಧ ಸರಿಹೋಗುತ್ತವೆ. ಹೀಗಂತ ಹೇಳಿದ್ದು ನಾನೇ, ಆದರೂ ನಿಜ.

ಗುಡುಗಿದವರು ಹುಚ್ಚರಾಯಪ್ಪ. ಅಡಿಕೆ ಮಂಡಿ ಸಾಹುಕಾರ್ರು. ಅವರ ಮಂಡಿಯ ಮಾಳಿಗೆ ಮೇಲೇ ರಕ್ಷಿತಾಳ ಆಫೀಸು.

ಆಗಿದ್ದು ಇಷ್ಟು ಸ್ವಾಮಿ.

ವರ್ಚುವಲ್ ಮಷಿನ್ ಗೊತ್ತಲ್ಲ? ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರು. ಅದನ್ನು ನಡೆಸೋ ಸಾಫ್ಟ್‌ವೇರನ್ನು ರಕ್ಷಿತಾ ಪೂರ್ತಿ ಕನ್ನಡದಲ್ಲಿ ಮಾಡಿದ್ದಳು. ಸೊರಬದ ಫೋಟೋ ಸ್ಟುಡಿಯೋ ಉದಯ ಮೊದಲ ಗಿರಾಕಿ. ಅವನ ಹತ್ತಿರ ಎರಡು ಕಂಪ್ಯೂಟರು, ಒಂದೊಂದರಲ್ಲೂ ಒಂದೊಂದು ಮಷಿನ್. ಎರಡಕ್ಕೂ ಕೇಬಲ್ ಎಳೆದು ಮೂಲೆಯಲ್ಲಿಟ್ಟ ಒಂದೇ ಡಿಸ್ಕು. ಆ ಡಿಸ್ಕಿನಲ್ಲಿ ಹುಚ್ಚರಾಯಪ್ಪನವರ ಮಗಳ ಮದುವೆ ಫಿಲ್ಮು!

ಬೇರೆ ಕಾಪಿ?

ಇಲ್ಲ. ಕ್ಯಾಮೆರಾ ಕಾರ್ಡನ್ನು ಇನ್ನೊಂದು ಮದುವೆಗೆ ಅಂತ ಖಾಲಿ ಮಾಡಿಬಿಟ್ಟಿದ್ದ.

ಬೆಳಿಗ್ಗೆ ಅವನ ಫೋನು ಬಂತು. “ರಕ್ಷಿತಕ್ಕ, ಎರಡನೇ ಮಷಿನ್ ಈಗಷ್ಟೆ ಶುರು ಮಾಡ್ದೆ. ಡಿಸ್ಕ್ ಕೆಟ್ಟಿದೆ, ರಿಪೇರಿ ಮಾಡ್ಲಾ ಅಂತ ಕೇಳ್ತಾ ಇದೆ. ಹೂಂ ಅನ್ನಲಾ? ನನ್ನ ಫೋನ್ ಚಾರ್ಜು...”

ಕಟ್!

ರಕ್ಷಿತಾ ಬಿಳಿಚಿಕೊಂಡಳು. “ಅಣ್ಣ, ಎರಡೂ ಮಷಿನ್ ಒಂದೇ ಡಿಸ್ಕಿಗೆ ಬರೀತಾ ಇದಾವೆ! ಮೊದಲನೇದು ಅರ್ಧ ಬರೆದಿರೋದನ್ನ ನೋಡಿ ಎರಡನೇದು ಕಸ ಅನ್ಕೊಂಡಿದೆ. ರಿಪೇರಿ ಅಂದ್ರೆ ಗುಡಿಸಿ ಹಾಕಿಬಿಡುತ್ತೆ. ಮದುವೆ ಫಿಲ್ಮ್ ಹೋಯ್ತು!”

ಕೊನೆಯ ಮಾತು ಮೆಟ್ಟಿಲಿಳಿದು ನೇರ ಮಂಡಿಗೆ ಹೋಯಿತು.

ನಾನು ಬೈಕಿಗೆ ಹಾರಿದೆ. ಸಾಹುಕಾರ್ರು ಜೀಪಿಗೆ ಹಾರಿದರು. ಫಿಲ್ಮು ಕಳೆದವನು ನಾನೇ, ಊರು ಬಿಟ್ಟು ಓಡುತ್ತಿದ್ದೇನೆ ಅಂತ ಅವರ ಲೆಕ್ಕ!

ನನ್ನ ಬೈಕು ನೆಲ ಮುಟ್ಟಿದ್ದು ಶಿರಾಳಕೊಪ್ಪದಲ್ಲಿ ಒಮ್ಮೆ, ಸೊರಬದಲ್ಲಿ ಒಮ್ಮೆ. ಬಸ್ ಸ್ಟ್ಯಾಂಡ್ ಹತ್ತಿರ ಹಮ್ಮಾಲರು ಭತ್ತದ ಚೀಲ ಹೊತ್ತು ದಾಟುತ್ತಿದ್ದರು. ನಾನು ಬಗ್ಗಿ ಚೀಲದ ಕೆಳಗಿಂದ ಬಂದೆ ಅಂದರೆ ನೀವು ನಂಬಲ್ಲ. ನಂಬಬೇಡಿ. ಆದರೆ ಬಂದೆ!

ಸ್ಟುಡಿಯೋಗೆ ನುಗ್ಗಿದೆ.

ಒಳಗೆ ಮದುಮಕ್ಕಳನ್ನು ಕೂರಿಸುವ ಕೆಂಪು ಕುರ್ಚಿ. ಅದರಲ್ಲಿ ಹಾಲಮ್ಮಜ್ಜಿ. ಸಾಹುಕಾರ್ರ ತಾಯಿ. ಮೊಮ್ಮಗಳ ಮದುವೆ ಹೊತ್ತಿಗೆ ಕಾಲು ಮುರಿದು ಆಸ್ಪತ್ರೆ ಸೇರಿದ್ದವರು, ಈಗ ಸೊರಬದ ಮಗಳ ಮನೆಯಲ್ಲಿ. ಧಾರೆ ನೋಡಲೇಬೇಕು ಅಂತ ಊರುಗೋಲು ಹಿಡಿದು ಬಂದು ಕುಂತಿದ್ದರು.

“ಒತ್ತೋ ಹುಡುಗ,” ಅಜ್ಜಿ ಗದರುತ್ತಿದ್ದರು. “ರಿಪೇರಿ ಅಂತ ತಾನೆ ಕೇಳಾದು? ಬ್ಯಾಡ ಅಂತಾರೇನು ಯಾರಾದ್ರೂ?”

ಉದಯನ ಬೆರಳು ಕೀಲಿಯ ಮೇಲೆ... ಕೂದಲೆಳೆಯಷ್ಟು ಸಂದು!

ನಾನು ಹೊಸ್ತಿಲಿಂದಲೇ ಹಾರಿದೆ. ಛತ್ರಿ ಲೈಟು ಬಿತ್ತು. ಹಿಮಾಲಯದ ಪರದೆ ಬಿತ್ತು. ಹಿಮಾಲಯದ ಜೊತೆ ನಾನೂ ಬಿದ್ದೆ. ಬಿದ್ದಲ್ಲಿಂದಲೇ ಎರಡನೇ ಕಂಪ್ಯೂಟರಿನಿಂದ ಡಿಸ್ಕಿಗೆ ಎಳೆದಿದ್ದ ಕೇಬಲ್ ಹಿಡಿದು ಕಿತ್ತೆ!

ಟಕ್ ಅಂತ ಕೀಲಿ ಒತ್ತಿದ ಸದ್ದು.

ತೆರೆಯ ಮೇಲೆ ಕೆಂಪಕ್ಷರ: ‘ಡಿಸ್ಕ್ ಸಿಗುತ್ತಿಲ್ಲ.’

“ಹೋಯ್ತು ಮಾರಾಯ!” ಉದಯ ತಲೆ ಮೇಲೆ ಕೈಹೊತ್ತ.

“ಹೋಗಿಲ್ಲ. ಸಿಗದಿರೋ ಡಿಸ್ಕನ್ನ ಅದು ಹೆಂಗೆ ಗುಡಿಸುತ್ತೆ?”

ಅಷ್ಟರಲ್ಲಿ ನನ್ನ ಕಾಲರಿಗೆ ಎರಡು ಕೈ ಬಿದ್ದವು. ಹುಚ್ಚರಾಯಪ್ಪ!

“ಎಲ್ಲಲೇ ಫಿಲ್ಮು?”

“ಸಾಹುಕಾರ್ರೆ, ಕತ್ತು ಬಿಟ್ಟರೆ ತೋರಿಸ್ತೀನಿ. ಹಿಡ್ಕೊಂಡೇ ಇದ್ರೆ ನಿಮಗೆ ನನ್ನ ಕತ್ತು ಮಾತ್ರ ಸಿಗೋದು.”

ಬಿಟ್ಟರು. ಮೊದಲನೇ ಕಂಪ್ಯೂಟರಿನಲ್ಲಿ ಫಿಲ್ಮು ಒತ್ತಿದೆ. ತೆರೆ ಕಪ್ಪಾಯಿತು... ಕಪ್ಪಾಗೇ ಇತ್ತು... ಎದೆ ಒಂದು ಸಲ ಬಡಿಯೋದು ಮರೆಯಿತು. ಒಂದೇ ಸಲ, ನಾನು ಅಂಥವನಲ್ಲ.

ವಾಲಗದ ಸದ್ದು! ಮದುಮಗಳ ಮುಖ!

ಮೊದಲು ಅದನ್ನ ಬೇರೆ ಡಿಸ್ಕಿಗೆ ಕಾಪಿ ಮಾಡಿದೆ. ಆಮೇಲೆ ಉದಯನ ಕಡೆ ತಿರುಗಿದೆ.

“ಸೆಟ್ಟಿಂಗಲ್ಲಿ ಏನು ಒತ್ತಿದ್ದೆ?”

“ಮೂರು ಇತ್ತು ಅಣ್ಣ. ಸ್ವಂತ, ಹಂಚು, ಓದಲು ಮಾತ್ರ. ಎರಡು ಮಷಿನ್ನಿಗೂ ‘ಹಂಚು’ ಒತ್ತಿದೆ. ನಮ್ಮಪ್ಪ, ದೊಡ್ಡಪ್ಪ ಗದ್ದೆ ಹಂಚ್ಕೊಂಡ್ರಲ್ಲ, ಹಂಗೆ. ಇದಕ್ಕೊಂದು ತುಂಡು, ಅದಕ್ಕೊಂದು ತುಂಡು, ನಡುವೆ ಬದು... ಅಂದ್ಕೊಂಡೆ.”

ನಾನು ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ.

“ರಕ್ಷಿತಾ, ‘ಹಂಚು’ ಅಂದ್ರೆ ಏನಮ್ಮ?”

“ಶೇರ್ ಅಣ್ಣ! ಒಂದೇ ಡಿಸ್ಕನ್ನ ಇಬ್ಬರೂ ಒಟ್ಟಿಗೆ ಬಳಸೋದು. ಡಿಕ್ಷನರಿ ನೋಡೇ ಹಾಕಿದ್ದು!”

“ತಗೀ ನಿನ್ನ ಡಿಕ್ಷನರಿ!” ಹುಚ್ಚರಾಯಪ್ಪ ಫೋನಿಗೇ ಬಾಯಿ ಹಾಕಿದರು. “ಹಂಚಿದ ಮ್ಯಾಲೆ ಅವರವರ ಹಿಸ್ಸೆ ಅವರವರಿಗೆ. ಇಬ್ರಿಗೂ ಒಂದೇ ಅಂದ್ರೆ ಅದಕ್ಕ ಜಂಟಿ ಅಂತಾರ. ಜಂಟಿ ಅಂತ ಬರೆದಿದ್ರೆ ಈ ಹುಡುಗ ಮುಟ್ತಿದ್ನೇನು? ನಮ್ಮ ಜಂಟಿ ಪಹಣಿ ನನ್ನ ಮದುವಿಗಿಂತ ಮೊದ್ಲಿಂದ ಕೋರ್ಟಿನಾಗೈತಿ!”

ಆ ಕಡೆಯಿಂದ ಕೀಬೋರ್ಡಿನ ಟಕಟಕ.

“ಅಂಕಲ್... ‘ಹಂಚು’ ತೆಗೆದೆ. ‘ಜಂಟಿ’ ಹಾಕಿದೆ. ಅದನ್ನ ಒತ್ತಿದ್ರೆ ‘ಇನ್ನೊಬ್ಬರು ಈಗ ಬರೆಯುತ್ತಿದ್ದಾರೆ’ ಅಂತ ತಡೆಯೋ ಹಾಗೂ ಮಾಡ್ತೀನಿ. ಏನೂ ಒತ್ತದಿದ್ರೆ ‘ಓದಲು ಮಾತ್ರ’.”

“ಹಾಂ. ಈಗ ಬುದ್ಧಿ ಬಂತು.”

ಕುರ್ಚಿಯಿಂದ ಊರುಗೋಲು ನೆಲಕ್ಕೆ ಬಡಿಯಿತು.

“ಸುಮ್ನಿರ್ರೋ! ಧಾರೆ ಬಂತು.”

ಎಲ್ಲ ತೆರೆ ಕಡೆ ತಿರುಗಿದೆವು. ಮೊಮ್ಮಗಳ ಕೈಮೇಲೆ ಹಾಲು ಬಿತ್ತು. ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಸಾಹುಕಾರ್ರೂ ಮುಖ ಆಚೆ ತಿರುಗಿಸಿದರು. ನನ್ನ ಕಣ್ಣಿಗೂ ಹಿಮಾಲಯದ ಧೂಳು ಬಿದ್ದಿತ್ತು, ಅಷ್ಟೆ.

ಕ್ಯಾಮೆರಾ ನಿಧಾನ ಪಕ್ಕಕ್ಕೆ ಸರಿಯಿತು. ಅಜ್ಜಿ ಕೂರಬೇಕಿದ್ದ ಜಾಗ. ಅಲ್ಲಿ ಜರಿ ಸೀರೆ ಉಟ್ಟು, ಎದೆಯುಬ್ಬಿಸಿ ಕೂತಿದ್ದವರು ವನಜಮ್ಮ. ಅಜ್ಜಿಯ ಓರಗಿತ್ತಿ!

ಅಜ್ಜಿಯ ಕಣ್ಣೀರು ಅಲ್ಲೇ ಇಂಗಿತು.

“ಅವಳು... ನನ್ನ ಜಾಗದಾಗ?” ಊರುಗೋಲು ಮೇಲೆದ್ದಿತು. “ಯಾರೋ ಕುಂದರಿಸಿದ್ದು?”

ಹುಚ್ಚರಾಯಪ್ಪ ಮೆಲ್ಲಗೆ ನನ್ನ ಬೆನ್ನ ಹಿಂದೆ ಸರಿದರು. ಅಡಿಕೆ ಮಂಡಿಯ ಹುಲಿ!

“ಚನ್ನೇಶಪ್ಪ...” ಕಿವಿಯಲ್ಲಿ ಪಿಸುಗುಟ್ಟಿದರು, “ಇದಕ್ಕ ಯಾವುದು ಒತ್ತಬೇಕೋ?”

ಜಾಗ ಒಂದು, ಓರಗಿತ್ತಿಯರು ಇಬ್ಬರು. ಇಂಥ ಕೇಸಿಗೆ ನನ್ನ ಹತ್ತಿರ ಒಂದೇ ಸೆಟ್ಟಿಂಗ್ ಇರೋದು ಸ್ವಾಮಿ... ಬೈಕಿನ ಸೆಲ್ಫ್ ಸ್ಟಾರ್ಟು!