ಕತ್ತಲೆಕೋಣೆಯಲ್ಲಿ ಹೆಣೆದ ಜಡೆ

ಏನೇ ಆದರೂ ತಪ್ಪು ನನ್ನದೇ ಇರಬೇಕು ಎಂದುಕೊಳ್ಳುವವಳು ನಾನು. ಆದರೆ ಇದು ನಡೆದದ್ದು.

ಗೆಳತಿ ಮತ್ತು ನಾನು ಹಿಂದೆ ಫೋಟೋ ಸ್ಟುಡಿಯೋ ಒಂದರಲ್ಲಿ ಫಿಲಂ ತೊಳೆಯುತ್ತಿದ್ದೆವು. ಕತ್ತಲೆಕೋಣೆಯಲ್ಲಿ ಡಿಕ್ಕಿ ಹೊಡೆಯದಿರಲಿ ಎಂದು ಆಗಾಗ "ಇದ್ದೀನಿ" ಅನ್ನುವುದು ನಮ್ಮ ರೂಢಿ. ಒಂದು ಮಧ್ಯಾಹ್ನ ಬಾಗಿಲು ಸಿಕ್ಕಿಕೊಂಡು ನಾನು ಅಳತೊಡಗಿದಾಗ ಅವಳು ನನ್ನ ಜಡೆ ಬಿಚ್ಚಿ, ನಿಧಾನವಾಗಿ ಮತ್ತೆ ಹೆಣೆದಳು. ಬೆರಳುಗಳು ತಣ್ಣಗಿದ್ದವು. "ಇದ್ದೀನಿ" ಎಂಬ ದನಿ ಮಾತ್ರ ನೆಲದ ಹತ್ತಿರದಿಂದ ಬರುತ್ತಿತ್ತು. ಆ ಋಣಕ್ಕೇ ಇಷ್ಟು ವರ್ಷ ಅವಳ ಮಾತು ಮೀರಿರಲಿಲ್ಲ.

ಮೊನ್ನೆ ಯಾರ ನೆನಪು ಗಟ್ಟಿ ಎಂಬ ವಾದ ಎದ್ದಾಗ ಇದನ್ನು ಹೇಳಿದೆ. ಅವಳು ನಕ್ಕಳು.

"ನಿನ್ನ ತಲೆ ತೂತು ಮಡಕೆ ಕಣೆ. ಅವತ್ತು ನಿಂಗೆ ಹೇಳ್ದೇನೇ ಸಿನಿಮಾಗೆ ಹೋಗಿದ್ದೆ. ಬಾಗಿಲು ಒಡೆಯೋವಾಗ ಬಂದು ಗುಂಪಲ್ಲಿ ಸೇರ್ಕೊಂಡೆ."

"ಒಳಗೇ ಇದ್ದೆ ಅಂತ ಎಲ್ಲರಿಗೂ ಹೇಳಿದ್ಯಲ್ಲೇ?"

"ಕೆಲಸ ಉಳೀಬೇಕಿತ್ತಲ್ಲ. ನೀನೂ ಹೌದು ಅಂದೆ. ಜಡೆ ಹೆಣೆಯೋಕೆ ನಂಗೆಲ್ಲಿ ಬರುತ್ತೆ? ಈಗ್ಲೂ ಅಕ್ಕಾನೇ ಹಾಕ್ಬೇಕು."

ಬಿಟ್ಟುಹೋಗಿದ್ದಳಲ್ಲ ಎಂಬುದೇ ಮೊದಲು ಚುಚ್ಚಿತು. ಭಯ ಆಮೇಲೆ ಬಂತು.

ಅವತ್ತು ಆ ಹೆಣಿಗೆ ಬಿಚ್ಚಲು ತನಗೂ ಆಗದೆ ಅಮ್ಮ ಕತ್ತರಿ ಹಾಕಿದ್ದಳು. ಮರುದಿನ ನಾನು ಗಿಡ್ಡ ಕೂದಲಲ್ಲಿ ಕೆಲಸಕ್ಕೆ ಬಂದದ್ದು ಗೆಳತಿಗೂ ನೆನಪಿದೆ.