ಗೋಬರ್ ಗ್ಯಾಸಿನ ಚಹಾ

“ಸಗಣಿ ಚಹಾ ನಾ ಅಂತೂ ಕುಡಿಯಂಗಿಲ್ಲಪಾ!” ಭರಮು ಮೂಗು ಮುಚ್ಚಿಕೊಂಡು ಕುಣಿದ. ಹುಡುಗರೆಲ್ಲ ಹೋ ಎಂದು ನಕ್ಕರು.

ಮಲಕವ್ವ ನಗಲಿಲ್ಲ. ಅವಳ ಕಣ್ಣು ಹಿತ್ತಲ ಬಣವೆಯ ಕಡೆಗಿತ್ತು.

ಉಗಾರದ ಶಾಲೆಯ ಹುಡುಗರು ಬೆಳಿಗ್ಗೆ ಗೋಕಾಕ ಫಾಲ್ಸ್ ನೋಡಿ, ಬೀಳುವ ನೀರಿನಿಂದ ಕರೆಂಟು ಆಗುವುದನ್ನು ಕೇಳಿ ತಿಳಿದು ಬಂದಿದ್ದರು. ಈಗ ಶಿರಗುಪ್ಪಿಯ ಅಣ್ಣಾಸಾಬ ಸಾವಕಾರರ ತೋಟದ ಮನೆ. ಸಗಣಿಯಿಂದ ಆಗುವ ಗ್ಯಾಸಿನ ಒಲೆ ನೋಡಲು ಅಡುಗೆಮನೆಯ ಕಿಟಕಿಗೆ ಎಲ್ಲರೂ ಮುತ್ತಿದ್ದರು.

ಇಲ್ಲಿ ದಿನಾ ಸಗಣಿ ಕಲಸುವವಳು ಮಲಕವ್ವನ ಅವ್ವ ಸುಂದ್ರವ್ವ. ಅದು ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. “ಹುಡುಗರು ಬಂದಾಗ ನೀ ಬಣವಿ ಹಿಂದಿಂದ ಹೊರಗ ಬರಬ್ಯಾಡಬೇ,” ಎಂದು ಮಲಕವ್ವ ನಿನ್ನೆಯೇ ಹೇಳಿದ್ದಳು.

“ನೋಡ್ರಿ ಮಾಸ್ತರ, ಹೆಂಗ ಉರೀತೈತಿ!” ಸಾವಕಾರರು ಕಡ್ಡಿ ಗೀರಿದರು. ಒಲೆ ಬುಸ್ ಬುಸ್ ಎಂದು, ಪುಕ್ಕನೆ ಆರಿತು. ಇನ್ನೊಂದು ಕಡ್ಡಿ. ಮತ್ತೆ ಪುಕ್.

“ಗ್ಯಾಸಿಗೆ ನೆಗಡಿ ಆಗೇತಿ,” ಎಂದಳು ಮಮತಾಜ. ತವನಪ್ಪ ಮಾಸ್ತರರೂ ನಗು ಮುಚ್ಚಲು ಬಾಯಿಗೆ ಕರವಸ್ತ್ರ ಹಿಡಿದರು.

ಸಾವಕಾರರ ಮುಖ ಕೆಂಪಾಯಿತು. “ಆ ಸುಂದ್ರಿ ಸಗಣಿ ನೆಟ್ಟಗ ಕಲಸಿಲ್ಲ. ನಾಳಿಂದ ಕೆಲಸಕ್ಕ ಬರಬ್ಯಾಡ ಅಂತೀನಿ!”

ಮಲಕವ್ವ ಹುಡುಗರನ್ನು ಸರಿಸಿ ಮುಂದೆ ಬಂದಳು. ಕಡ್ಡಿ ಕಸ ಆರಿಸಿ, ಅವ್ವ ಮೊಣಕೈವರೆಗೆ ಕೈಯಾಡಿಸುವುದನ್ನು ಅವಳು ಎಷ್ಟು ಸಲ ನೋಡಿಲ್ಲ!

“ನಮ್ಮವ್ವ ನೆಟ್ಟಗ ಕಲಸ್ಯಾಳ್ರೀ!”

“ನಿಮ್ಮವ್ವ?” ಭರಮು ಬಾಯಿ ತೆರೆದ.

“ಹೌದು, ನಮ್ಮವ್ವ! ಪೈಪಿನ್ಯಾಗ ನೀರು ನಿಂತೈತ್ರಿ. ಎಂಟು ದಿನಕ್ಕೊಮ್ಮಿ ಅವ್ವನೇ ಅದನ್ನ ತಗೀತಾಳ. ನಿನ್ನಿ ನೀವು ಅಂಗಳಾ ಸಾರಸಾಕ ಕರದ್ರಿ, ತಪ್ಪಿತು. ಒಲಿ ಬಂದ್ ಮಾಡ್ರಿ!”

ಅವಳು ಹಿತ್ತಲಿಗೆ ಓಡಿದಳು, ಬೆನ್ನಿಗೆ ಭರಮು. ಪೈಪು ತಗ್ಗಾದ ಕಡೆ ಒಂದು ಸಣ್ಣ ನಳ. ತಿರುವಿದಳು. ನೀರು ಗಳಗಳ ಸುರಿಯಿತು.

“ಏ, ಗೋಕಾಕ ಫಾಲ್ಸ್ ಇಲ್ಲೇ ಬಂತಲೇ!” ಎಂದು ಭರಮು ಕೂಗಿದ.

ನೀರು ನಿಂತು ಸುಸ್ ಎನ್ನುತ್ತಲೇ ಅವಳು ನಳ ಮುಚ್ಚಿದಳು. ಒಳಗೆ ಕಡ್ಡಿ ಗೀರಿದ ಸದ್ದು. “ಹತ್ತಿತು! ಹತ್ತಿತು!” ಸಾವಕಾರರು ಒಲೆಯ ಮೇಲೆ ಪಾತ್ರೆ ಇಟ್ಟರು.

ಚಹಾ ಬಂದಾಗ ಭರಮು ಎಲ್ಲರಿಗಿಂತ ಮೊದಲು ಎರಡು ಕಪ್ಪು ಕುಡಿದ. ಮಲಕವ್ವ ತನ್ನ ಕಪ್ಪನ್ನು ಬಣವೆಯ ಹಿಂದೆ ಒಯ್ದಳು.

“ಯಾಕ ಬಂದಿ? ಗೆಳತ್ಯಾರು ನೋಡ್ತಾರ,” ಎಂದಳು ಸುಂದ್ರವ್ವ.

“ನೋಡಲಿ ಬಿಡಬೇ. ಬೆಂಕಿ ಎಷ್ಟ ಚಂದ ನೀಲಿ ಐತಿ, ಅಲ್ಲ?”

“ನನಗೇನು ಗೊತ್ತು? ಕಿಡಕಿ ಹಂತೇಕ ನಮ್ಮನ್ನ ಯಾರು ಬಿಡತಾರ?”

ಎರಡು ವರ್ಷದಿಂದ ಅವ್ವ ಸಗಣಿ ಕಲಸುತ್ತಿದ್ದಳು! ಮಲಕವ್ವ ಅವಳ ಸಗಣಿ ಕೈಯನ್ನೇ ಗಟ್ಟಿಯಾಗಿ ಹಿಡಿದು, ಎಲ್ಲರ ನಡುವೆ ಕಿಟಕಿಗೆ ಕರೆತಂದಳು. ಮಮತಾಜ ಸರಿದು ಜಾಗ ಕೊಟ್ಟಳು. ಸುಂದ್ರವ್ವ ತುದಿಗಾಲಲ್ಲಿ ನಿಂತು, ಒಳಗೆ ಇನ್ನೂ ಉರಿಯುತ್ತಿದ್ದ ಒಲೆಯನ್ನು ಇಣುಕಿ ನೋಡಿದಳು.

ಮಲಕವ್ವ ಒಲೆಯ ಕಡೆ ನೋಡಲಿಲ್ಲ. ಅವ್ವನ ಮುಖವನ್ನೇ ನೋಡುತ್ತ ನಿಂತಳು.